ಸೈನಿಕ ಕಾಲೇಜಿನ ಹುತಾತ್ಮರ ಸ್ಮರಣೆ: ತಪ್ಪದೆ ಹೋಗಿ, ಆದರೆ ಮುಂದಿನ ಸಾಲು ಯಾರಿಗೆ ಅನ್ನೋದು ಬದಲಾಗಬೇಕು

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದಕ್ಕೆ ಐದೂ ಕೊಡಬೇಕು ಅಂತಲೇ ಮನಸ್ಸಿತ್ತು. ಯಾಕೆ ಕೊಡಲಿಲ್ಲ ಅಂತ ಕೆಳಗೆ ಬರೆದಿದ್ದೇನೆ, ಆ ಒಂದು ಸ್ಟಾರ್ ಕಡಿಮೆಯಾದದ್ದು ಕವಾಯತು ಮಾಡಿದ ಹುಡುಗರಿಂದ ಖಂಡಿತ ಅಲ್ಲ.

ಇದು ಬೆಂಗಳೂರಿನ ಒಂದು ಸೈನಿಕ ಕಾಲೇಜಿನಲ್ಲಿ ಜುಲೈ 26ರಂದು, ಅಂದರೆ ಕಾರ್ಗಿಲ್ ವಿಜಯ ದಿವಸದಂದು ನಡೆದ ಕಾರ್ಯಕ್ರಮ. ಯುದ್ಧದಲ್ಲಿ ಜೀವ ಕೊಟ್ಟವರಿಗೆ, ಅದರಲ್ಲೂ ಅದೇ ಕ್ಯಾಂಪಸ್ಸಿನಲ್ಲಿ ಓದಿ ಸೇನೆ ಸೇರಿ ವಾಪಸ್ ಬಾರದವರಿಗೆ ಗೌರವ ಸಲ್ಲಿಸುವುದು. ಕ್ಯಾಂಪಸ್ಸಿನ ಹೆಸರು, ಒಳಗಿನ ವಿವರ ಹಾಕಬೇಡಿ ಅಂತ ಗೇಟಿನಲ್ಲೇ ಕೇಳಿಕೊಂಡಿದ್ದರು, ಹಾಗಾಗಿ ಹೆಸರು ಬರೆಯುತ್ತಿಲ್ಲ. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಿಂದ ಹಿಡಿದು ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರದವರೆಗೆ ನಮ್ಮ ಊರಿನಲ್ಲಿ ಸೇನೆಯ ಜಾಗಗಳಿಗೆ ಕೊರತೆ ಇಲ್ಲ, ನಾವು ದಿನಾ ಅವುಗಳ ಕಾಂಪೌಂಡ್ ಗೋಡೆ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತಿರುತ್ತೇವೆ, ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿರುವ ನಿವೃತ್ತ ಹವಾಲ್ದಾರರೊಬ್ಬರಿಗೆ ಪಾಸ್ ಬಂದಿತ್ತು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು, ಹಾಗೆ ಹೋದೆ.

ಗೇಟಿನಲ್ಲಿ ಪಟ್ಟಿ ನೋಡಿ, ಗುರುತಿನ ಚೀಟಿ ನೋಡಿ, ಫೋನ್ ಇಸ್ಕೊಂಡು ಟೋಕನ್ ಕೊಡುತ್ತಾರೆ. ಯಾರೂ ಗದರಲಿಲ್ಲ, ಎಲ್ಲರನ್ನೂ ಮರ್ಯಾದೆಯಿಂದ ಮಾತಾಡಿಸಿದರು. ವಯಸ್ಸಾದವರಿಗೆ ಒಳಗಿನವರೆಗೆ ಗಾಡಿ ಇತ್ತು. ಈ ಭಾಗಕ್ಕೆ ಪೂರ್ತಿ ಅಂಕ.

ಈಗ ಮುಖ್ಯ ವಿಷಯ. ಗೌರವ ಸಲ್ಲಿಸುವ ಭಾಗ ಅಂತ ಏನಿದೆಯೋ ಅದು ಚಿಕ್ಕದು. ಒಂದು ಸಿನಿಮಾ ಹಾಡು ಮುಗಿಯುವಷ್ಟು ಹೊತ್ತಿನಲ್ಲಿ ಅದರ ಮುಖ್ಯ ಭಾಗ ಮುಗಿದೇ ಹೋಗುತ್ತದೆ. ಆದರೆ ಅಷ್ಟರಲ್ಲಿ ಒಂದು ಹೆಜ್ಜೆ ಜಾಸ್ತಿ ಇಲ್ಲ, ಒಂದು ಮಾತು ಜಾಸ್ತಿ ಇಲ್ಲ. ಸ್ಮಾರಕದ ಮುಂದೆ ಹುಡುಗರು ಎರಡು ಸಾಲಾಗಿ ನಿಂತಿದ್ದರು, ತುಂತುರು ಮಳೆ ಬೀಳುತ್ತಿತ್ತು, ಯಾರೂ ಮುಖ ಒರೆಸಿಕೊಳ್ಳಲಿಲ್ಲ. ಪುಷ್ಪಚಕ್ರ ಹಿಡಿದ ಇಬ್ಬರು ಕೆಡೆಟ್‌ಗಳು ನಿಧಾನ ನಡಿಗೆಯಲ್ಲಿ ಬಂದರು. ಸೇನೆಯ ಈ ನಿಧಾನ ನಡಿಗೆಯನ್ನು ಹತ್ತಿರದಿಂದ ನೋಡಬೇಕು. ಕಾಲನ್ನು ಮುಂದೆ ಚಾಚಿ, ಬೆರಳ ತುದಿ ನೆಲದ ಕಡೆ ಮಾಡಿ, ಒಂದು ಕ್ಷಣ ಹಾಗೇ ತಡೆದು, ಆಮೇಲೆ ಊರುತ್ತಾರೆ. ಬೇಗ ನಡೆಯೋದಕ್ಕಿಂತ ಇದು ಎಷ್ಟೋ ಕಷ್ಟ, ಅದೂ ಕೈಯಲ್ಲಿ ಅಷ್ಟು ಭಾರದ ಹೂವಿನ ಚಕ್ರ ಹಿಡಿದುಕೊಂಡು.

ಆಮೇಲೆ 'ಶೋಕ ಶಸ್ತ್ರ' ಅಂತ ಆದೇಶ ಬಂತು. ಇದನ್ನು ಟಿವಿಯಲ್ಲಿ ನೋಡಿರುತ್ತೀರಿ, ಆದರೆ ಹತ್ತಿರದಿಂದ ನೋಡಿದಾಗ ಬೇರೆಯೇ. ರೈಫಲ್ಲನ್ನು ತಲೆಕೆಳಗು ಮಾಡಿ, ನಳಿಕೆಯ ತುದಿಯನ್ನು ಬೂಟಿನ ಹತ್ತಿರ ತಂದು, ಮೇಲೆ ಬಂದ ಹಿಡಿಯ ಮೇಲೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಕೊನೆಗೆ ತಲೆ ತಗ್ಗಿಸುತ್ತಾರೆ. ಒಂದೊಂದು ಚಲನೆಯ ನಡುವೆಯೂ ಗ್ಯಾಪ್ ಇರುತ್ತದೆ. ನನ್ನ ಎದುರಿಗಿದ್ದ ಹುಡುಗನಿಗೆ ಹದಿನಾರು ಹದಿನೇಳು ವಯಸ್ಸಿರಬೇಕು, ಮೀಸೆ ಈಗಷ್ಟೇ ಚಿಗುರಿತ್ತು. ಎಡಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಹಾಕಿಕೊಂಡಿದ್ದ, ಅಭ್ಯಾಸ ಮಾಡುವಾಗ ಗಾಯ ಮಾಡಿಕೊಂಡಿರಬೇಕು ಅಂತ ಹವಾಲ್ದಾರರು ಪಿಸುಗುಟ್ಟಿದರು. ಆ ಬ್ಯಾಂಡೇಜ್ ಹಾಕಿದ ಬೆರಳು ಕೂಡ ಉಳಿದವರ ಬೆರಳುಗಳ ಸಾಲಿನಲ್ಲೇ ನೇರವಾಗಿ ಇತ್ತು.

ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ನುಡಿಸಿದರು. ಬ್ರಿಟಿಷರ ಕಾಲದಲ್ಲಿ ಇದು ರಾತ್ರಿ ಶಿಬಿರದ ಎಲ್ಲಾ ಕಾವಲು ಠಾಣೆಗಳನ್ನೂ ನೋಡಿಯಾಯಿತು, ಇವತ್ತಿನ ದಿನ ಮುಗಿಯಿತು, ಇನ್ನು ಮಲಗಿ ಅಂತ ತಿಳಿಸುವ ಕರೆಯಾಗಿತ್ತಂತೆ. ಸತ್ತವರಿಗೆ ಅದನ್ನೇ ನುಡಿಸುತ್ತಾರೆ. ಅದಾದ ಮೇಲೆ ಮೌನ, ಮೌನ ಮುಗಿದ ಮೇಲೆ 'ರೌಸ್' ಅನ್ನೋ ಇನ್ನೊಂದು ಕರೆ, ಅದು ಬೆಳಗ್ಗೆ ಎಬ್ಬಿಸುವುದು. ಈ ಎರಡು ಕರೆಗಳ ಅರ್ಥ ಗೊತ್ತಿದ್ದರೆ ನಡುವಿನ ಮೌನ ಏನು ಅಂತ ತಾನಾಗೇ ತಿಳಿಯುತ್ತದೆ. ಹವಾಲ್ದಾರರು ಮೊದಲೇ ಹೇಳಿಕೊಟ್ಟಿದ್ದರಿಂದ ನನಗೆ ತಿಳಿಯಿತು, ಪಕ್ಕದಲ್ಲಿ ಕೂತಿದ್ದ ಎಷ್ಟೋ ಜನಕ್ಕೆ ತಿಳಿದಿರಲಿಕ್ಕಿಲ್ಲ. ಕಾರ್ಯಕ್ರಮದ ಕಾಗದದಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು.

ಎರಡು ನಿಮಿಷ ಮೌನ ಅನ್ನೋ ಪದ್ಧತಿ ಮೊದಲ ಮಹಾಯುದ್ಧದ ನಂತರ ಬಂದದ್ದು. 1918ರ ನವೆಂಬರ್ 11ರಂದು ಯುದ್ಧ ನಿಂತಿತು, ಮರುವರ್ಷ ಅದೇ ದಿನ ಬೆಳಗ್ಗೆ ಹನ್ನೊಂದಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಉದ್ದಕ್ಕೂ ಎರಡು ನಿಮಿಷ ಸುಮ್ಮನೆ ನಿಲ್ಲುವುದು ಶುರುವಾಯಿತು. ಈಗ ನಮ್ಮಲ್ಲಿ ಯಾವ ಸಭೆಯಲ್ಲಾದರೂ ಮೌನಾಚರಣೆ ಅಂತ ಮಾಡುತ್ತಾರಲ್ಲ, ಹತ್ತು ಹನ್ನೆರಡು ಸೆಕೆಂಡಿಗೇ ಯಾರೋ ಕೆಮ್ಮಿ ಕೂತುಬಿಡುತ್ತಾರೆ. ಇಲ್ಲಿ ಎರಡು ನಿಮಿಷ ಅಂದರೆ ಎರಡು ನಿಮಿಷ. ಎಷ್ಟು ಉದ್ದ ಅನ್ನಿಸುತ್ತದೆ ಗೊತ್ತಾ? ಧ್ವಜಸ್ತಂಭಕ್ಕೆ ಹಗ್ಗ ಬಡಿಯುವುದು ಕೇಳಿಸುತ್ತಿತ್ತು, ಹೊರಗಡೆ ರಸ್ತೆಯ ಹಾರ್ನ್ ಕೇಳಿಸುತ್ತಿತ್ತು, ಮನಸ್ಸು ಮೊದಲು ಎಲ್ಲೆಲ್ಲೋ ಹೋಗಿ, ಆಮೇಲೆ ಎದುರಿಗಿರುವ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುವುದಕ್ಕೆ ಶುರು ಮಾಡುತ್ತದೆ.

ಮೌನ ಮುಗಿದ ಮೇಲೆ ಹೆಸರುಗಳನ್ನು ಜೋರಾಗಿ ಓದಿದರು. ನನ್ನ ಲೆಕ್ಕದಲ್ಲಿ ಈ ಇಡೀ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ. ಒಬ್ಬೊಬ್ಬ ಕೆಡೆಟ್ ಒಂದು ಹೆಜ್ಜೆ ಮುಂದೆ ಬಂದು ಒಂದು ಹೆಸರು ಹೇಳುತ್ತಾನೆ: ರ‍್ಯಾಂಕ್, ಹೆಸರು, ಊರು, ಸತ್ತ ಜಾಗ, ವರ್ಷ. ಹೇಳಿ ಹಿಂದೆ ಹೋಗುತ್ತಾನೆ. ಭಾವುಕತೆ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ, 'ಅಮರ' 'ಧೀರ' ಅಂತ ವಿಶೇಷಣಗಳಿಲ್ಲ. 1962, 1965, 1971, 1999. ನಡುವೆ ಯುದ್ಧವೇ ಇಲ್ಲದ ವರ್ಷಗಳೂ ಬಂದವು, ಅವು ಕಾಶ್ಮೀರದ್ದು, ಸಿಯಾಚಿನ್‌ನದ್ದು. ಅಂಕಿ ಹೇಳಿದರೆ ನಮಗೆ ಏನೂ ಆಗಲ್ಲ. ಕಾರ್ಗಿಲ್‌ನಲ್ಲಿ 527 ಜನ ಸತ್ತರು ಅಂತ ಶಾಲೆಯಿಂದ ಕೇಳುತ್ತಲೇ ಇದ್ದೇವೆ, ಸರಿ ಅಂತ ಮುಂದೆ ಹೋಗುತ್ತೇವೆ. ಅದೇ ಒಂದು ಹೆಸರು, ಅದರ ಪಕ್ಕದಲ್ಲಿ ನಾವು ಬಸ್ಸಿನಲ್ಲಿ ದಾಟಿ ಹೋದ ಒಂದು ಊರಿನ ಹೆಸರು ಕೇಳಿದಾಗ ಎದೆಗೆ ನಾಟುತ್ತದೆ.

ಹೆಸರು ಹೇಳುವುದು ಅಷ್ಟು ದೊಡ್ಡದಾ ಅಂತ ಕೇಳುವವರಿಗೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಹೇಳಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ ಅವರಿದ್ದರು. ಅವರದ್ದು ಮಿಸ್ಟೇರ್ ವಿಮಾನ, ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ಅವರು ಕಾದಾಡಿ ಆ ಸ್ಟಾರ್‌ಫೈಟರನ್ನು ಕೆಡವಿದರು, ತಾವು ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಅಷ್ಟು ವರ್ಷ ಮನೆಯವರು ಏನಂತ ಕಾಲ ತಳ್ಳಿರಬೇಕು, ಯೋಚಿಸಿ ನೋಡಿ.

ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರ ಹೆಸರು ಕೂಡ ಬೆಂಗಳೂರಿನವರಿಗೆ ಗೊತ್ತಿರಬೇಕಾದದ್ದು. ಪಂಜಾಬಿನ ಹುಡುಗ, 1946ರಲ್ಲಿ ಇಲ್ಲಿಗೆ ಬಂದು ಆಗಿನ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜಿಗೆ ಸೇರಿದ್ದರು, ಮುಂದಿನ ವರ್ಷ ಜಲಂಧರದ ಕಾಲೇಜಿಗೆ ಹೋದರು. 1961ರ ಡಿಸೆಂಬರ್ 5ರಂದು ದೂರದ ಕಾಂಗೋದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದಾಗ ಸತ್ತರು. ಪರಮವೀರ ಚಕ್ರ ಕೊಟ್ಟರು. ನಮ್ಮೂರಿನ ಮೈದಾನದಲ್ಲಿ ಓಡಾಡಿದ ಹುಡುಗ ಆಫ್ರಿಕಾದಲ್ಲಿ ಜೀವ ಬಿಟ್ಟ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಬೇಜಾರಾದ ವಿಷಯಗಳು. ಮೊದಲನೆಯದು, ದೊಡ್ಡದು: ಮುಂದಿನ ಸಾಲು. ಶಾಮಿಯಾನದ ಕೆಳಗೆ ಬಿಳಿ ಬಟ್ಟೆ ಹೊದಿಸಿದ ಸೋಫಾಗಳಲ್ಲಿ ಅತಿಥಿಗಳು, ಅವರ ಹಿಂದೆ ಅತಿಥಿಗಳ ಜೊತೆ ಬಂದವರು, ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸತ್ತವರ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು. ಇದು ಸರಿಯಾ? ಗಂಡನ ಹೆಸರು ಓದುವಾಗ ಒಬ್ಬ ಹೆಂಗಸು ಎದ್ದು ನಿಂತು ಕತ್ತು ಉದ್ದ ಮಾಡಿ ನೋಡಬೇಕಾಯಿತು, ಮುಂದೆ ಕೂತವರ ತಲೆ ಅಡ್ಡ ಬರುತ್ತಿತ್ತು. ಆ ದಿನ ಆ ಜಾಗದಲ್ಲಿ ಆಕೆಗಿಂತ ದೊಡ್ಡವರು ಯಾರೂ ಇರಲಿಲ್ಲ. ಮುಂದಿನ ಸಾಲು ಪೂರ್ತಿ ಆ ಕುಟುಂಬಗಳಿಗೆ ಕೊಡಬೇಕು, ಅತಿಥಿಗಳು ಹಿಂದೆ ಕೂರಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಕುರ್ಚಿ ಮೇಲೆ ಅಂಟಿಸುವ ಚೀಟಿ ಬದಲಾಯಿಸಿದರೆ ಆಯಿತು.

ಎರಡನೆಯದು, ತಡ. ಒಬ್ಬ ಅತಿಥಿಗಾಗಿ ಕಾದರು. ಹುಡುಗರು ಮಳೆಯಲ್ಲಿ ನಿಂತೇ ಇದ್ದರು, ವಯಸ್ಸಾದ ಅಪ್ಪ ಅಮ್ಮಂದಿರು ಕೂತೇ ಇದ್ದರು. ಸೇನೆಯ ಕಾರ್ಯಕ್ರಮದಲ್ಲಿ ಗಡಿಯಾರ ಹೇಳಿದಂತೆ ನಡೆಯುತ್ತೆ ಅಂತ ನಾವೆಲ್ಲ ನಂಬಿರುತ್ತೇವೆ, ಆ ನಂಬಿಕೆಯನ್ನು ಹೊರಗಿನಿಂದ ಬಂದವರೊಬ್ಬರು ಮುರಿದರು. ಸಾಮಾನ್ಯ ಜನರಿಂದ ಫೋನ್ ಇಸ್ಕೊಂಡಿದ್ದರು, ಸರಿ, ಆದರೆ ಸೋಫಾ ಸಾಲಿನವರ ಹತ್ತಿರ ಫೋನ್ ಇತ್ತು. ಮೌನದ ನಡುವೆ ಅದರಲ್ಲೊಂದು ಬಡಿದುಕೊಂಡಿತು. ಹೊಟ್ಟೆ ಉರಿದುಹೋಯಿತು. ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಇರಬೇಕು ಅಲ್ವಾ?

ಮೂರನೆಯದು, ಭಾಷಣ. ಹೆಸರುಗಳನ್ನು ಓದಿ ಮುಗಿಸಿದ ಮೇಲೆ ಭಾಷಣ ಯಾಕೆ ಬೇಕು ಅಂತಲೇ ನನಗೆ ಅರ್ಥವಾಗಲಿಲ್ಲ. ಸತ್ತವರ ಬಗ್ಗೆ ಎರಡು ಮಾತು, ಉಳಿದದ್ದೆಲ್ಲ ದೇಶ ಎಷ್ಟು ಮುಂದೆ ಹೋಗುತ್ತಿದೆ ಅನ್ನೋದು. ಅದಕ್ಕೆ ಬೇರೆ ವೇದಿಕೆಗಳು ಬೇಕಾದಷ್ಟಿವೆ.

ಮತ್ತೆ ನಿರೂಪಣೆ. ಇಡೀ ವಿವರಣೆ ಹಿಂದಿ, ಇಂಗ್ಲಿಷಿನಲ್ಲಿತ್ತು. ಆದೇಶಗಳು ಹಿಂದಿಯಲ್ಲಿರುವುದು ಸೇನೆಯ ಪದ್ಧತಿ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಧಾರವಾಡ, ಹಾಸನ, ಮಂಡ್ಯ ಕಡೆಯ ಹಳ್ಳಿಗಳಿಂದ ರಾತ್ರಿ ಬಸ್ಸು ಹತ್ತಿ ಬಂದ ತಂದೆತಾಯಿಗಳು ಅಲ್ಲಿದ್ದರು. ನಮ್ಮ ಹಿಂದೆ ಕೂತಿದ್ದ ಯಜಮಾನರು ಪ್ರತಿ ಸಲವೂ ಮೊಮ್ಮಗಳ ಕಡೆ ತಿರುಗಿ 'ಏನಂದ್ರು, ಏನಂದ್ರು' ಅಂತ ಕೇಳುತ್ತಿದ್ದರು. ತಮ್ಮ ಮಗನ ಬಗ್ಗೆ ಏನು ಹೇಳಿದರು ಅಂತ ತಿಳಿಯಲು ಮೊಮ್ಮಗಳನ್ನು ಕೇಳಬೇಕಾದ ಪರಿಸ್ಥಿತಿ. ಕನ್ನಡ ಬಲ್ಲ ಕೆಡೆಟ್‌ಗಳು ಅಲ್ಲಿ ಇದ್ದೇ ಇದ್ದರು, ಅವರಲ್ಲಿ ಒಬ್ಬನಿಗೆ ಮೈಕ್ ಕೊಟ್ಟು ಪ್ರತಿ ಹಂತಕ್ಕೂ ನಾಲ್ಕು ಸಾಲು ಹೇಳಿಸಿದ್ದರೆ ಸಾಕಿತ್ತು. ಇದನ್ನು ಅಭಿಪ್ರಾಯ ಪುಸ್ತಕದಲ್ಲೂ ಬರೆದು ಬಂದಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ ನಾಲ್ಕು ಸ್ಟಾರ್ ಯಾಕೆ ಅಂದರೆ, ಆ ಜಾಗವನ್ನು ದಿನಾ ನೋಡಿಕೊಳ್ಳುವವರ ಗುಣ. ಎಲ್ಲ ಮುಗಿದು ಅತಿಥಿಗಳು ಹೊರಟ ಮೇಲೆ ಕುಟುಂಬದವರನ್ನು ಸ್ಮಾರಕದ ಹತ್ತಿರ ಬಿಟ್ಟರು. ಒಬ್ಬ ಅಜ್ಜಿ ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಕನಕಾಂಬರದ ಮಾಲೆ ತೆಗೆದರು. ಮನೆಯಲ್ಲೇ ಕಟ್ಟಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು, ಬಾಳೆ ನಾರಿನಲ್ಲಿ ಕಟ್ಟಿದ್ದರು, ನಡುನಡುವೆ ಮರುಗ ಸೇರಿಸಿದ್ದರು. ಅದನ್ನು ಹೆಸರಿನ ಕೆಳಗಿನ ಕಟ್ಟೆಯ ಮೇಲೆ ಇಟ್ಟು, ಹಣೆ ಹಚ್ಚಿ ನಮಸ್ಕಾರ ಮಾಡಿದರು. ಪುಷ್ಪಚಕ್ರಗಳನ್ನು ಸಾಲಾಗಿ ಜೋಡಿಸುತ್ತಿದ್ದ ಕಿರಿಯನೊಬ್ಬ ಬಿದ್ದ ಹೂವಿನ ಜೊತೆ ಆ ಮಾಲೆಯನ್ನೂ ಎತ್ತಲು ಹೋದ. ಅಲ್ಲಿದ್ದ ಸುಬೇದಾರರು ಅವನ ಕೈ ಹಿಡಿದು ತಡೆದರು. ದೊಡ್ಡ ಪುಷ್ಪಚಕ್ರ ಒಂದನ್ನು ತಾವೇ ಒಂದು ಮೊಳ ಪಕ್ಕಕ್ಕೆ ಸರಿಸಿ ಆ ಮಾಲೆ ಕಾಣುವ ಹಾಗೆ ಜಾಗ ಮಾಡಿದರು. ಆಮೇಲೆ ಅಜ್ಜಿಗೆ ಸೆಲ್ಯೂಟ್ ಹೊಡೆದರು. ಇದು ಕಾರ್ಯಕ್ರಮದ ಕಾಗದದಲ್ಲಿ ಇರಲಿಲ್ಲ, ಯಾರೂ ಫೋಟೋ ತೆಗೆಯುತ್ತಿರಲಿಲ್ಲ.

ಟೀ, ಪಕೋಡ, ಕೇಸರಿಬಾತ್ ಇತ್ತು. ಟೀ ಚೆನ್ನಾಗಿತ್ತು, ಶುಂಠಿ ಹಾಕಿದ್ದರು. ಕೆಡೆಟ್‌ಗಳು ಕುಟುಂಬದವರಿಗೆ ಮೊದಲು ಕೊಟ್ಟು, ಪಕ್ಕದಲ್ಲೇ ಕೂತು ಮಾತಾಡಿಸುತ್ತಿದ್ದರು. ಹೆಬ್ಬೆರಳಿಗೆ ಬ್ಯಾಂಡೇಜ್ ಹಾಕಿದ್ದ ಹುಡುಗ ವಿಜಯಪುರದ ಕಡೆಯವನಂತೆ. ತಾನು ಓದಿದ ಹೆಸರಿನ ಸೈನಿಕನ ಮನೆಯವರನ್ನು ಹುಡುಕಿಕೊಂಡು ಬಂದಿದ್ದ, ಊರಿನ ಹೆಸರನ್ನು ಸರಿಯಾಗಿ ಹೇಳಿದೆನಾ ಅಂತ ಕೇಳಿದ. ಸರಿಯಾಗೇ ಹೇಳಿದ್ದ.

ಪಾಸ್ ಸಿಗದವರಿಗೆ ಒಂದೆರಡು ಮಾತು. ಸ್ಮರಣೆಗೆ ಪಾಸೇ ಬೇಕು ಅಂತೇನಿಲ್ಲ. ನೆಹರೂ ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ, ಅಲ್ಲಿ 75 ಅಡಿ ಎತ್ತರದ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ, ಸ್ವಾತಂತ್ರ್ಯ ಬಂದ ಮೇಲೆ ಜೀವ ಕೊಟ್ಟ ಸಾವಿರಾರು ಸೈನಿಕರ ಹೆಸರುಗಳನ್ನು ಕಲ್ಲಿನ ಫಲಕಗಳಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ನಿಮ್ಮ ಜಿಲ್ಲೆಯವರ ಹೆಸರು ಹುಡುಕಿಸಿ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ಈಟಿ ಹಿಡಿದು ಗೆದ್ದರು, ಎದುರಿಗೆ ಮೆಷಿನ್‌ಗನ್ ಇದ್ದವು. ಇದೇ ಸವಾರರ ದಳದ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್ ಮೂರ್ತಿ ನೋಡಲು ಹೋಗುವ ನಾವು ನಮ್ಮೂರಿನ ಈ ಕಲ್ಲನ್ನು ನೋಡಿರಲ್ಲ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆ ಸೇರುವಲ್ಲಿ, ಒಪೆರಾ ಹೌಸ್ ಎದುರಿಗೆ ಕೂಡ ಮೊದಲ ಮಹಾಯುದ್ಧದ ಸ್ಮಾರಕ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ ತಲೆ ಎತ್ತಿ ನೋಡಿ.

ಇವೆಲ್ಲಕ್ಕಿಂತ ಎಷ್ಟೋ ಹಳೆಯದೊಂದು ಬೇಗೂರಿನಲ್ಲಿದೆ. ನಾಗೇಶ್ವರ ದೇವಸ್ಥಾನದ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನ, ನಮ್ಮ ಊರಿನ ಹೆಸರು ಮೊದಲ ಸಲ ಕಾಣುವುದು ಅದರಲ್ಲೇ, ಅದೂ ಬೆಂಗಳೂರು ಕಾಳಗದಲ್ಲಿ ಸತ್ತವರನ್ನು ನೆನೆಯುವ ಸಾಲಿನಲ್ಲಿ. ಯಾರು ಸತ್ತರು, ಎಲ್ಲಿ ಸತ್ತರು, ಅಷ್ಟೇ ಬರೆದಿದ್ದಾರೆ. ಕೆಡೆಟ್‌ಗಳು ಒಂದು ಹೆಜ್ಜೆ ಮುಂದೆ ಬಂದು ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. ಬ್ಯೂಗಲ್, ಪುಷ್ಪಚಕ್ರ, ಎರಡು ನಿಮಿಷದ ಮೌನ ಇವೆಲ್ಲ ಬ್ರಿಟಿಷರಿಂದ ಬಂದಿರಬಹುದು, ಹೆಸರನ್ನು ಉಳಿಸುವ ಕೆಲಸ ಮಾತ್ರ ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ಸಾವಿರ ವರ್ಷ ಮುಂಚೆಯೇ ನಡೆದಿತ್ತು.

ಹೋಗುವವರಿಗೆ: ನಿಮಗೆ ಗೊತ್ತಿರುವ ಮಾಜಿ ಸೈನಿಕರನ್ನು ಕೇಳಿ, ಹೆಚ್ಚಿನ ಕಾರ್ಯಕ್ರಮಗಳಿಗೆ ಅವರ ಮೂಲಕವೇ ಪಾಸ್ ಸಿಗುವುದು. ಜುಲೈ 26 ತಪ್ಪಿದರೆ 1971ರ ಯುದ್ಧದ ನೆನಪಿಗೆ ಡಿಸೆಂಬರ್ 16ರ ವಿಜಯ ದಿವಸ ಇದೆ. ಆಧಾರ್ ಕಾರ್ಡಿನ ಪ್ರತಿ ಕೈಯಲ್ಲೇ ಇಟ್ಟುಕೊಳ್ಳಿ, ಫೋನಿನಲ್ಲಿದೆ ಅಂದರೆ ಆಗಲ್ಲ, ಫೋನನ್ನೇ ಗೇಟಿನಲ್ಲಿ ಕೊಡಬೇಕು. ಗಾಡಿ ಹೊರಗೆ ದೂರದಲ್ಲಿ ನಿಲ್ಲಿಸಬೇಕಾಗುತ್ತದೆ, ಆಟೋ ಒಳ್ಳೆಯದು. ಮಳೆಗಾಲದಲ್ಲಿ ರೇನ್‌ಕೋಟ್ ತನ್ನಿ, ಛತ್ರಿ ಬೇಡ, ಹಿಂದಿನವರಿಗೆ ಅಡ್ಡ ಬರುತ್ತದೆ. ಸಣ್ಣ ಮಕ್ಕಳನ್ನು ಕರೆತರಬಹುದಾ ಅಂತ ಕೇಳುವವರಿಗೆ, ಖಂಡಿತ ಕರೆತನ್ನಿ, ನಮ್ಮ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಮೌನದ ನಡುವೆ ಏನೋ ಕೇಳಿದಳು, ಯಾರೂ ತಿರುಗಿ ಕೂಡ ನೋಡಲಿಲ್ಲ. ನೀವು ಬೇಗ ಹೋಗಿ ಒಳ್ಳೆಯ ಕುರ್ಚಿ ಹಿಡಿದಿದ್ದರೂ, ಸತ್ತವರ ಮನೆಯವರು ಯಾರಾದರೂ ಹಿಂದೆ ಕೂತಿರುವುದು ಕಂಡರೆ ಎದ್ದು ಅವರಿಗೆ ಬಿಟ್ಟುಕೊಡಿ.